ಕೊಟ್ಟವರ ಮುಂದೆ ತಲೆಯೆತ್ತಿ ನಿಂತವನು



2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಎಷ್ಟೋ ಮನೆಗಳಿಗೆ ಮಾರಿಕುಪ್ಪಂ ರೈಲೇ ಅನ್ನದ ದಾರಿ. ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ ದುಡಿದು ತಂದದ್ದರಲ್ಲಿ ಸಾಲದ ಕಂತಿಗೆಂದು ಒಂದಿಷ್ಟು ಎತ್ತಿಡುತ್ತೀರಿ. ಅಷ್ಟರಲ್ಲಿ ಮಗುವಿಗೆ ಜ್ವರ, ಇಲ್ಲವೇ ನೆಂಟರ ಮನೆಯಲ್ಲಿ ಸಾವು. ಹಣ ಕರಗುತ್ತದೆ. ಸಾಲ ಕೊಟ್ಟವರ ಬೀದಿ ತಪ್ಪಿಸಿ ನಡೆಯುವಂತಾಗುತ್ತದೆ. ಇಂಥ ಬೀದಿಗಳನ್ನು ಬಲ್ಲ ಒಬ್ಬ ಕೂಲಿಕಾರನ ಬಾಳನ್ನು ಇಂದು ನೆನೆಯೋಣ.

ಮ್ಯಾಟ್ ಟಾಲ್ಬಟ್ ಹುಟ್ಟಿದ್ದು 1856ರ ಮೇ 2ರಂದು, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ಹನ್ನೆರಡು ಮಕ್ಕಳ ಬಡ ಕುಟುಂಬ. ತಂದೆಗೂ ಕುಡಿತದ ಚಟ. ಎಳೆಯ ವಯಸ್ಸಿನಲ್ಲೇ ಮದ್ಯದ ವ್ಯಾಪಾರಿಯೊಬ್ಬರಲ್ಲಿ ಕೆಲಸಕ್ಕೆ ಸೇರಿದ ಆತ ಅಲ್ಲೇ ಕುಡಿಯಲು ಕಲಿತ. ಮುಂದೆ ಇಟ್ಟಿಗೆ, ಗಾರೆ ಹೊತ್ತು ಗಳಿಸಿದ್ದೆಲ್ಲ ಹೆಂಡದಂಗಡಿಯ ಪಾಲಾಯಿತು. ಸಾಲ ಹೇಳಿಯೂ ಕುಡಿದ. ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಬಡವನ ಪಿಟೀಲನ್ನು ಗೆಳೆಯರೊಡನೆ ಕದ್ದು, ಮಾರಿ, ಅದನ್ನೂ ಕುಡಿದ.

1884ರಲ್ಲಿ ಒಂದು ದಿನ ಕೈಯಲ್ಲಿ ಕಾಸಿರಲಿಲ್ಲ. ಯಾರಾದರೂ ಕುಡಿಸಿಯಾರೆಂದು ಹೆಂಡದಂಗಡಿಯ ಮುಂದೆ ನಿಂತ. ತಾನು ಎಷ್ಟೋ ಸಲ ಕುಡಿಸಿದ್ದ ಗೆಳೆಯರೇ ಆತನನ್ನು ದಾಟಿ ಹೋದರು. ಮನಸ್ಸು ಮುರಿದು ಮನೆಗೆ ಬಂದು ತಾಯಿಗೆ ತನ್ನ ನಿರ್ಧಾರ ತಿಳಿಸಿ, ಗುರುಗಳ ಬಳಿ ಹೋಗಿ ಮೂರು ತಿಂಗಳು ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದ. ಆ ಮೂರು ತಿಂಗಳು ನಲವತ್ತೊಂದು ವರ್ಷಗಳಾಗಿ ಬೆಳೆಯಿತು.

ಪಾಪನಿವೇದನೆಯಿಂದ ಪಾಪ ಕ್ಷಮೆಯಾಗುತ್ತದೆ, ಸಾಲ ಮಾತ್ರ ಉಳಿಯುತ್ತದೆ. ಮ್ಯಾಟ್ ಇದನ್ನು ಅರಿತಿದ್ದ. ಕುಡಿದ ಅಂಗಡಿಗಳಿಗೇ ಹೋಗಿ ಕೂಲಿಯ ಹಣದಿಂದ ಬಾಕಿ ತೀರಿಸಿದ. ಪಿಟೀಲಿನವನನ್ನು ಊರೆಲ್ಲ ಹುಡುಕಿದ. ಸಿಗಲಿಲ್ಲ. ಆ ಹಣವನ್ನು ಆತನಿಗಾಗಿ ಬಲಿಪೂಜೆ ಅರ್ಪಿಸಲು ಕೊಟ್ಟ.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. 1913ರಲ್ಲಿ ಡಬ್ಲಿನ್ನಿನ ಮಾಲೀಕರು ಸಾವಿರಾರು ಕಾರ್ಮಿಕರನ್ನು ತಿಂಗಳುಗಟ್ಟಲೆ ಕೆಲಸದಿಂದ ಹೊರಗಿಟ್ಟರು. 1923ರಿಂದ ಹೃದಯದ ಕಾಯಿಲೆ ಆತನನ್ನು ಆಸ್ಪತ್ರೆಗೆ ಎಳೆಯಿತು, ದುಡಿಮೆ ನಿಂತಿತು. ಆದರೂ ಹಳೆಯ ಚಟಕ್ಕೆ ಮರಳಲಿಲ್ಲ. ತನಗೆ ತೀರ ಕಡಿಮೆ ಸಾಕೆಂದು ಬಾಳಿದವನಾದ್ದರಿಂದ ತನಗಿಂತ ಬಡವರಿಗೂ ಕೊಡಬಲ್ಲವನಾಗಿದ್ದ. 1925ರ ಜೂನ್ 7ರ ಭಾನುವಾರ ಬಲಿಪೂಜೆಗೆ ನಡೆದು ಹೋಗುತ್ತಿದ್ದಾಗ ದಾರಿಯಲ್ಲೇ ಕುಸಿದು ಪ್ರಾಣಬಿಟ್ಟ. ಐವತ್ತು ವರ್ಷಗಳ ನಂತರ, 1975ರಲ್ಲಿ, ಧರ್ಮಸಭೆ ಆ ಕೂಲಿಕಾರನನ್ನು ಪೂಜ್ಯನೆಂದು ಸಾರಿತು.

ನಿಮ್ಮ ಸಾಲ ಕುಡಿತದ್ದಾಗಿರಲಿಕ್ಕಿಲ್ಲ, ಮಗಳ ಓದಿನದೋ ಆಸ್ಪತ್ರೆಯದೋ ಇರಬಹುದು. ನಿಜವಾಗಿ ಕೈಲಾಗದವನು ತಡಮಾಡಬಹುದು, ಮರೆಯುವಂತಿಲ್ಲ ಎಂಬುದು ಧರ್ಮಸಭೆಯ ನೀತಿಬೋಧೆ. ಆದ್ದರಿಂದ ಕಂತು ತಪ್ಪಿದ ತಿಂಗಳು ಅಡಗಿ ಕೂರಬೇಡಿ. ನೀವಾಗಿಯೇ ಹೋಗಿ ಕಷ್ಟ ಹೇಳಿ, ಐವತ್ತೋ ನೂರೋ ಕೈಲಾದಷ್ಟು ಕೊಟ್ಟು ಬನ್ನಿ. ಒಂದು ಬಡ್ಡಿ ಕಟ್ಟಲು ಇನ್ನೊಂದು ಬಡ್ಡಿಯ ಸಾಲ ತರಬೇಡಿ. ಗಂಡ ಹೆಂಡತಿ ಒಟ್ಟಿಗೆ ಕುಳಿತು, ಯಾರಿಗೆ ಎಷ್ಟೆಂದು ಒಂದು ಹಾಳೆಯಲ್ಲಿ ಬರೆಯಿರಿ. ಮನೆಯ ಹಣ ಎಲ್ಲಿ ಸೋರುತ್ತಿದೆಯೆಂದು ಅಂಜದೆ ನೋಡಿ. ಸಾಲ ಕೊಟ್ಟವರೂ ಕೇಳಿ: ಬಾಗಿಲಿಗೆ ತಾನಾಗಿ ಬಂದ ಬಡವನನ್ನು ಅವಮಾನಿಸಬೇಡಿ.

ಜಕ್ಕಾಯನ ಮನೆಗೆ ಯೇಸುಸ್ವಾಮಿ ಬಂದ ದಿನ ಆತ ಮಾಡಿದ್ದೂ ಲೆಕ್ಕವನ್ನೇ. ಇಂದಿನ ಸಂಜೆಯ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಆ ಹಾಳೆಯನ್ನು ತೆಗೆದುಕೊಳ್ಳಿ.