ಗಣಿತ ಕಲಿಯಲು ಹಡಗು ಹತ್ತಿದ ಬೆನಗಲ್ ನರಸಿಂಗ ರಾಯರು

ಸಂವಿಧಾನದ ಪಾಠ ಬಂದಾಗ ಡಾ. ಬಿ. ಆರ್. ಅಂಬೇಡ್ಕರ್ ಅವರ ಹೆಸರನ್ನು ನಾವೆಲ್ಲರೂ ಹೇಳುತ್ತೇವೆ. ಬೆನಗಲ್ ನರಸಿಂಗ ರಾಯರ ಹೆಸರು ಹೇಳುವವರು ಬಹಳ ಕಡಿಮೆ. ಇವರು ನಮ್ಮ ಪಕ್ಕದ ದಕ್ಷಿಣ ಕನ್ನಡ ಜಿಲ್ಲೆಯವರು. ದೊಡ್ಡ ಕಾನೂನು ಪಂಡಿತರು ಅಂತ ಹೆಸರು ಪಡೆದವರು. ಆದರೆ ಸಮುದ್ರ ದಾಟಿ ಹೋಗಿ ಕಲಿತದ್ದು ಮಾತ್ರ ಗಣಿತ! ನನಗೂ ಗಣಿತ ಅಂದರೆ ಇಷ್ಟ. ಅದಕ್ಕೇ ಈ ಸಲದ ಗೋಡೆ ಪತ್ರಿಕೆಗೆ ಇವರ ಜೀವನ ಚರಿತ್ರೆಯನ್ನು ಆರಿಸಿಕೊಂಡೆ.

ರಾಯರು 1887ನೇ ಇಸವಿ ಫೆಬ್ರವರಿ 26ರಂದು ಹುಟ್ಟಿದರು. ತಂದೆ ಡಾಕ್ಟರರು. ತಮ್ಮಂದಿರೂ ಸಾಮಾನ್ಯರಲ್ಲ. ಒಬ್ಬರು ರಾಮರಾವ್, ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಇನ್ನೊಬ್ಬರು ಶಿವರಾವ್, ಪತ್ರಕರ್ತರು. ನರಸಿಂಗ ರಾಯರು ಓದಿದ್ದು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ. ಆ ಶಾಲೆಯನ್ನು 1891ರಲ್ಲಿ ಕಟ್ಟಿದವರು ಅಮ್ಮೆಂಬಳ ಸುಬ್ಬರಾವ್ ಪೈಗಳು. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆ ಇಡೀ ಪ್ರಾಂತ್ಯಕ್ಕೆ ರಾಯರೇ ಮೊದಲಿಗರಾಗಿ ಪಾಸಾದರು. ಪ್ರಾಂತ್ಯ ಅಂದರೆ ಸಣ್ಣದಲ್ಲ, ಈಗಿನ ತಮಿಳುನಾಡು, ಆಂಧ್ರದ ಬಹುಪಾಲು, ಕೇರಳದ ಮಲಬಾರು, ಎಲ್ಲ ಸೇರಿ ಒಂದು.

ಮುಂದಿನ ಓದು ಮದ್ರಾಸಿನಲ್ಲಿ. 1905ರಲ್ಲಿ ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ ಮೂರರಲ್ಲೂ ಫಸ್ಟ್ ಕ್ಲಾಸ್ ಬಂತು. ಬೇರೆಯವರಾದರೆ ಅಲ್ಲಿಗೆ ಸಾಕು ಅನ್ನುತ್ತಿದ್ದರು. ಇವರು 1906ರಲ್ಲಿ ಗಣಿತವನ್ನೂ ತೆಗೆದುಕೊಂಡು ಅದರಲ್ಲೂ ಫಸ್ಟ್ ಕ್ಲಾಸ್ ಮಾಡಿದರು. (ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಹಾಗಾದರೆ ಅದಕ್ಕೂ ಮುಂಚೆ ಇವರು ಮದ್ರಾಸಿಗೆ ಹೋಗಿ ಬರಲು ಎಷ್ಟು ಕಷ್ಟವಾಗಿರಬೇಕು, ಯೋಚಿಸಿ.)

ಅನಂತರ ವಿದ್ಯಾರ್ಥಿ ವೇತನ ಸಿಕ್ಕಿತು. ಪರದೇಶಕ್ಕೆ ಹೋಗಿ ಗಣಿತ ಕಲಿಯಬಹುದು. ಆದರೆ ಎಲ್ಲಿಗೆ?

ಆ ಕಾಲದಲ್ಲಿ ಗಣಿತ ಅಂದರೆ ಜರ್ಮನಿಯ ಗಟಿಂಗನ್ ಅನ್ನುವ ಸಣ್ಣ ಊರು ಬಹಳ ಹೆಸರುವಾಸಿ. ಹಿಲ್ಬರ್ಟ್, ಕ್ಲೈನ್ ಮೊದಲಾದ ಮಹಾ ಗಣಿತಜ್ಞರು ಅಲ್ಲಿ ಪಾಠ ಹೇಳುತ್ತಿದ್ದರು. ಪ್ಯಾರಿಸ್ಸಿನಲ್ಲಿ ಪ್ವಾಂಕರೆ ಇದ್ದರು. ಉತ್ತರ ಪ್ರದೇಶದ ಗಣೇಶ ಪ್ರಸಾದ್ ಎಂಬುವರು ಕೇಂಬ್ರಿಜ್ಜಿಗೆ ಹೋಗಿ, ಆಮೇಲೆ ಗಟಿಂಗನ್ನಿಗೂ ಹೋಗಿ ಕಲಿತು ಬಂದಿದ್ದರು. ಆದರೆ ಅಲ್ಲಿ ಬೋರ್ಡಿನ ಮೇಲೆ ಬರೆಯುವುದು ಜರ್ಮನ್ ಭಾಷೆ. ಲೆಕ್ಕ ಎಲ್ಲಾ ಕಡೆ ಒಂದೇ, ಅದನ್ನು ಹೇಳಿಕೊಡುವ ಮಾತು ಬೇರೆ. ಇದು ನನಗೆ ಚೆನ್ನಾಗಿ ಗೊತ್ತು. ಏಳನೇ ತರಗತಿ ಮುಗಿದ ಮೇಲೆ ನಾನು ಎಲ್ಲಿಗೆ ಹೋಗಬೇಕು ಅಂತ ಮನೆಯಲ್ಲಿ ದಿನಾ ಮಾತು ನಡೆಯುತ್ತಿದೆ. ಕೂಟುಪುಳ ಸೇತುವೆ ದಾಟಿದರೆ ಇರಿಟ್ಟಿ ಹತ್ತಿರ, ಆದರೆ ಅಲ್ಲಿ ಬೋರ್ಡಿನ ಮೇಲೆ ಮಲಯಾಳ. ಕನ್ನಡ ಬೇಕಾದರೆ ವಿರಾಜಪೇಟೆಗೆ ಘಾಟಿ ಹತ್ತಬೇಕು, ಮಳೆಗಾಲದಲ್ಲಿ ಮರ ಬಿದ್ದರೆ ಬಸ್ಸಿಲ್ಲ, ಆನೆ ಬಂದರೂ ಬಸ್ಸು ನಿಲ್ಲುತ್ತೆ. ಅಪ್ಪ ಇರಿಟ್ಟಿ ಅಂತಾರೆ, ಅಮ್ಮ ಹಾಸ್ಟೆಲ್ ಅಂತಾರೆ. ನನ್ನನ್ನು ಇನ್ನೂ ಯಾರೂ ಕೇಳಿಲ್ಲ.

ಇರಲಿ. ರಾಯರು ಹೋದದ್ದು ಇಂಗ್ಲೆಂಡಿನ ಕೇಂಬ್ರಿಜ್ಜಿಗೆ. ನಮ್ಮ ದೇಶದಲ್ಲಿ ಆಗ ಗಣಿತದ ಹುಡುಗರ ಕಣ್ಣು ಆ ಊರಿನ ಮೇಲೇ ಇತ್ತು. ಕಾರಣ, 1899ರಲ್ಲಿ ಆರ್. ಪಿ. ಪರಾಂಜಪೆ ಎಂಬ ಮರಾಠಿ ಯುವಕ ಅಲ್ಲಿಯ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನಕ್ಕೆ ಬಂದಿದ್ದರು. ಇನ್ನೊಂದು ಕಾರಣವನ್ನೂ ಹೇಳಬೇಕು. ಐ.ಸಿ.ಎಸ್. ಎಂಬ ದೊಡ್ಡ ಸರ್ಕಾರಿ ಪರೀಕ್ಷೆ ಆಗ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. ಅದರಲ್ಲಿ ಗಣಿತವೂ ಒಂದು ವಿಷಯ. ಕೇಂಬ್ರಿಜ್ಜಿನಲ್ಲಿ ಕಲಿತ ಗಣಿತ ಅಲ್ಲಿಯೂ ಕೆಲಸಕ್ಕೆ ಬರುತ್ತಿತ್ತು. ಜರ್ಮನಿಯಲ್ಲಿ ಕೂತರೆ ಈ ಅನುಕೂಲ ಇರಲಿಲ್ಲ.

ಕೇಂಬ್ರಿಜ್ಜಿನಲ್ಲಿ ಕಾಲೇಜುಗಳು ಹಲವಾರು. ರಾಯರು ಸೇರಿದ್ದು ಟ್ರಿನಿಟಿ ಕಾಲೇಜಿಗೆ. ಐಸಾಕ್ ನ್ಯೂಟನ್ 1661ರಲ್ಲಿ ವಿದ್ಯಾರ್ಥಿಯಾಗಿ ಸೇರಿದ್ದ ಕಾಲೇಜು ಅದು! ಜವಾಹರಲಾಲ್ ನೆಹರು ಅವರೂ 1907ರಲ್ಲಿ ಅದೇ ಕಾಲೇಜಿಗೆ ವಿಜ್ಞಾನ ಓದಲು ಬಂದರು. ಶ್ರೀನಿವಾಸ ರಾಮಾನುಜನ್ ಅವರನ್ನು 1914ರಲ್ಲಿ ಕರೆಸಿಕೊಂಡ ಹಾರ್ಡಿ ಸಾಹೇಬರು ರಾಯರ ಕಾಲದಲ್ಲೇ ಅಲ್ಲಿ ಪಾಠ ಮಾಡುತ್ತಿದ್ದರು. ಮದ್ರಾಸಿನಲ್ಲಿ ಇಷ್ಟೆಲ್ಲ ಫಸ್ಟ್ ಕ್ಲಾಸ್ ಪಡೆದಿದ್ದರೂ ರಾಯರು ಅಲ್ಲಿ ಪುನಃ ಬಿ.ಎ. ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕೂರಬೇಕಾಯಿತು. ಪಾಸಾದವನೇ ಮತ್ತೆ ಅದೇ ಕ್ಲಾಸಿಗೆ ಹೋದ ಹಾಗೆ.

ಅಲ್ಲಿಯ ಗಣಿತ ಪರೀಕ್ಷೆಯ ಹೆಸರು ಟ್ರೈಪಾಸ್. ಹಿಂದಿನ ಕಾಲದಲ್ಲಿ ಪರೀಕ್ಷೆಯ ದಿನ ಮೂರು ಕಾಲಿನ ಸ್ಟೂಲಿನ ಮೇಲೆ ಒಬ್ಬರು ಕೂತು ವಾದ ಮಾಡುತ್ತಿದ್ದರಂತೆ, ಅದರಿಂದ ಆ ಹೆಸರು ಬಂತು ಅನ್ನುತ್ತಾರೆ. ಫಸ್ಟ್ ಕ್ಲಾಸ್ ಬಂದವರಿಗೆ ರ್‍ಯಾಂಗ್ಲರ್ ಎಂದು ಬಿರುದು. ಒಂದನೇ ರ್‍ಯಾಂಗ್ಲರ್, ಎರಡನೇ ರ್‍ಯಾಂಗ್ಲರ್ ಅಂತ ಸಾಲಾಗಿ ಹೆಸರು ಓದುತ್ತಿದ್ದರು. ತಮಾಷೆ ಏನು ಗೊತ್ತಾ? ಪಾಸಾದವರಲ್ಲಿ ಕಟ್ಟ ಕಡೆಯವನಿಗೆ ಸ್ನೇಹಿತರು ಒಂದು ದೊಡ್ಡ ಮರದ ಚಮಚ ಕೊಡುತ್ತಿದ್ದರು. ದೋಣಿಯ ಹುಟ್ಟಿನಷ್ಟು ಉದ್ದ! ರಾಯರು ಪರೀಕ್ಷೆ ಬರೆದದ್ದು 1909ರಲ್ಲಿ. ಒಂಬತ್ತನೇ ರ್‍ಯಾಂಗ್ಲರ್ ಸ್ಥಾನ ಸ್ವಲ್ಪದರಲ್ಲಿ ಕೈತಪ್ಪಿತು. ಹಾಗೆ ಸಾಲಾಗಿ ಸ್ಥಾನ ಹೇಳಿದ್ದು ಅದೇ ವರ್ಷ ಕೊನೆ, ಮರದ ಚಮಚವೂ ಅದೇ ಕೊನೆ. ಈ ಪದ್ಧತಿ ಬೇಡ, ಇದರಿಂದ ನಿಜವಾದ ಗಣಿತ ಹಾಳಾಗುತ್ತದೆ ಅಂತ ಹಾರ್ಡಿ ಮೊದಲಾದವರು ಜಗಳ ಮಾಡಿ ನಿಲ್ಲಿಸಿದರು. ನಮ್ಮ ಕ್ಲಾಸಿನಲ್ಲಿ ಚಮಚ ಕೊಡುವುದಾದರೆ ಯಾರಿಗೆ ಅಂತ ನಾನು ಬರೆಯುವುದಿಲ್ಲ.

ಹುಡುಗಿಯರಿಗೆ ಒಂದು ವಿಷಯ. ಫಿಲಿಪ್ಪಾ ಫಾಸೆಟ್ ಎಂಬಾಕೆ 1890ರಲ್ಲಿ ಇದೇ ಪರೀಕ್ಷೆಯಲ್ಲಿ ಒಂದನೇ ರ್‍ಯಾಂಗ್ಲರ್‌ಗಿಂತಲೂ ಹೆಚ್ಚು ಅಂಕ ತೆಗೆದಳು. ಆದರೂ ಡಿಗ್ರಿ ಕೊಡಲಿಲ್ಲ. ಕೇಂಬ್ರಿಜ್ಜಿನಲ್ಲಿ ಹೆಂಗಸರಿಗೆ ಡಿಗ್ರಿ ಕೊಡಲು ಶುರು ಮಾಡಿದ್ದು 1948ರಲ್ಲಿ. ಹಾಗಾಗಿ ರಾಯರ ಜಾಗದಲ್ಲಿ ನಾನಿದ್ದಿದ್ದರೆ ಕೇಂಬ್ರಿಜ್ಜನ್ನು ಆರಿಸುತ್ತಿದ್ದೆನಾ? ಯೋಚನೆ ಮಾಡಬೇಕಾದ್ದೇ.

ಅದೇ 1909ರಲ್ಲಿ ರಾಯರು ಐ.ಸಿ.ಎಸ್. ಕೂಡ ಪಾಸು ಮಾಡಿ ಊರಿಗೆ ಬಂದರು. ಗಣಿತ ಅಲ್ಲಿಗೆ ನಿಂತಿತು. ಬಂಗಾಳ, ಅಸ್ಸಾಂ ಕಡೆ ಅಧಿಕಾರಿಯಾಗಿ, ನ್ಯಾಯಾಧೀಶರಾಗಿ ಕೆಲಸ ಮಾಡಿದರು. ಇಷ್ಟು ದೂರ ಹೋಗಿ ಗಣಿತ ಕಲಿತು ಬಿಟ್ಟುಬಿಟ್ಟರಲ್ಲ ಅಂತ ಮೊದಲು ನನಗೆ ಬೇಜಾರಾಯಿತು. ಆಮೇಲಿನದನ್ನು ಓದಿದ ಮೇಲೆ ಅಷ್ಟು ಬೇಜಾರಿಲ್ಲ. ಸಿಂಧೂ ನದಿಯ ನೀರಿಗಾಗಿ ಪಂಜಾಬು ಮತ್ತು ಸಿಂಧ್ ಪ್ರಾಂತ್ಯಗಳಿಗೆ ಜಗಳ ಬಂದಾಗ ಅದನ್ನು ವಿಚಾರಿಸುವ ಆಯೋಗಕ್ಕೆ ಇವರೇ ಅಧ್ಯಕ್ಷರು. 1942ರಲ್ಲಿ ವರದಿ ಕೊಟ್ಟರು. ನೀರು ಹಂಚುವುದು ಎಷ್ಟು ಕಷ್ಟ ಅಂತ ಕಾವೇರಿ ಹುಟ್ಟುವ ಜಿಲ್ಲೆಯ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

1946ರಲ್ಲಿ ರಾಯರು ಸಂವಿಧಾನ ಸಭೆಯ ಸಲಹೆಗಾರರಾದರು. ಅವರು ಸಭೆಯ ಸದಸ್ಯರಲ್ಲ, ಸಂಬಳವನ್ನೂ ತೆಗೆದುಕೊಳ್ಳಲಿಲ್ಲ. ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿಯ ಪಂಡಿತರನ್ನು ಕೇಳಿ ಬಂದರು. ಅವರು ತಯಾರಿಸಿದ ಮೊದಲ ಕರಡಿನಲ್ಲಿ 243 ವಿಧಿಗಳು, 13 ಅನುಸೂಚಿಗಳು ಇದ್ದವು. ಅಂಬೇಡ್ಕರರ ಸಮಿತಿ ಅದನ್ನು ಇಟ್ಟುಕೊಂಡು ತಿದ್ದಿ ಬೆಳೆಸಿ 315 ವಿಧಿ ಮಾಡಿತು. ಸಭೆಯಲ್ಲಿ ಚರ್ಚೆಯಾಗಿ ಕೊನೆಗೆ 395 ಆಯಿತು. ಒಂದು ವಿಧಿ ಇನ್ನೊಂದಕ್ಕೆ ಅಡ್ಡ ಬರಬಾರದು, ಒಂದು ಶಬ್ದಕ್ಕೆ ಎರಡು ಅರ್ಥ ಇರಬಾರದು. ರೇಖಾಗಣಿತದ ಸಾಧನೆ ಬರೆಯುವಾಗಲೂ ಹೀಗೇ ಅಲ್ವಾ? 1949ರ ನವೆಂಬರ್ 25ರಂದು ಸಭೆಯಲ್ಲಿ ಮಾತಾಡಿದ ಅಂಬೇಡ್ಕರರು, ಬಂದ ಹೊಗಳಿಕೆಯಲ್ಲಿ ಒಂದು ಪಾಲು ರಾಯರಿಗೂ ಸಲ್ಲಬೇಕು ಎಂದು ತಾವೇ ಹೇಳಿದರು.

ಕೊರಿಯಾದ ಯುದ್ಧ ಶುರುವಾದ 1950ರ ಜೂನ್ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ರಾಯರೇ ಅಧ್ಯಕ್ಷರಾಗಿದ್ದರು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ನ್ಯಾಯಾಧೀಶರಾದರು. ಆ ಕೆಲಸದಲ್ಲಿ ಇರುವಾಗಲೇ 1953ರ ನವೆಂಬರ್ 30ರಂದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ತೀರಿಕೊಂಡರು. ಅವರು ಸಂವಿಧಾನದ ಬಗ್ಗೆ ಬರೆದದ್ದನ್ನೆಲ್ಲ ತಮ್ಮ ಶಿವರಾವ್ ಅವರು ಒಟ್ಟು ಸೇರಿಸಿದರು. ಆ ಪುಸ್ತಕ 1960ರಲ್ಲಿ ಅಚ್ಚಾಯಿತು.