ಪ್ರಾಣ ಕಾಯುವ ಪಟ್ಟಿಯ ಜನಕ ನಿಲ್ಸ್ ಬೋಲಿನ್

ಕಾರಿನಲ್ಲಿ ಕುಳಿತೊಡನೆ ನಾವು ಭುಜದ ಮೇಲಿಂದ ಎಳೆದು ಸೊಂಟದ ಬದಿಗೆ ಸಿಕ್ಕಿಸಿಕೊಳ್ಳುವ ಪಟ್ಟಿಯನ್ನು ರೂಪಿಸಿದವರು ಸ್ವೀಡನ್ನಿನ ನಿಲ್ಸ್ ಬೋಲಿನ್. 1920ರಲ್ಲಿ ಹೆರ್ನೊಸಾಂಡ್ ಪಟ್ಟಣದಲ್ಲಿ ಜನಿಸಿದ ಇವರು ಸಾಬ್ ವಿಮಾನ ಕಾರ್ಖಾನೆಯಲ್ಲಿ, ಅಪಾಯ ಒದಗಿದಾಗ ಚಾಲಕನನ್ನು ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ಆಸನಗಳ ಕೆಲಸದಲ್ಲಿ ಪಳಗಿದರು. 1958ರಲ್ಲಿ ವೋಲ್ವೊ ಕಂಪೆನಿ ಅವರನ್ನು ಸುರಕ್ಷತಾ ಇಂಜಿನಿಯರರಾಗಿ ಕರೆಸಿಕೊಂಡಿತು.

ಅಂದಿನ ಕಾರುಗಳಲ್ಲಿ ಪಟ್ಟಿಯಿದ್ದರೂ ಬಹುಮಟ್ಟಿಗೆ ಸೊಂಟಕ್ಕೆ ಮಾತ್ರ. ಡಿಕ್ಕಿಯಾದಾಗ ತಲೆ, ಎದೆ ಮುಂದಕ್ಕೆ ಬಡಿಯುತ್ತಿದ್ದವು. ಬೋಲಿನ್ ಎದೆಯನ್ನೂ ಸೊಂಟವನ್ನೂ ಒಂದೇ ಪಟ್ಟಿ ಹಿಡಿಯುವಂತೆ, ಒಂದೇ ಕೈಯಿಂದ ಹಾಕಿಕೊಳ್ಳಬಹುದಾದಂತೆ ಮಾಡಿದರು. ಕೊಂಡಿಯನ್ನು ಹೊಟ್ಟೆಯ ಮೇಲಿಡದೆ ಪಕ್ಕಕ್ಕೆ ತಂದರು. 1959ರಲ್ಲಿ ಅದು ವೋಲ್ವೊ ಕಾರುಗಳಿಗೆ ಬಂತು. ಕಂಪೆನಿ ತನ್ನ ಪೇಟೆಂಟನ್ನು ಹಣಕ್ಕೆ ಕಟ್ಟಿಡದೆ ಇತರ ತಯಾರಕರಿಗೂ ಬಿಟ್ಟುಕೊಟ್ಟಿತು. 28,000 ಅಪಘಾತಗಳನ್ನು ಪರಿಶೀಲಿಸಿ 1967ರಲ್ಲಿ ಪ್ರಕಟಿಸಿದ ವರದಿ ಪಟ್ಟಿಯ ಗುಣವನ್ನು ಲೆಕ್ಕಸಹಿತ ತೋರಿಸಿತು.

ಪಟ್ಟಿಯ ಮೇಲ್ತುದಿಗೆ ಗಟ್ಟಿ ಆಸರೆ ಬೇಕು. ಸಾಮಾನ್ಯ ಕಾರಿನಲ್ಲಿ ಬಾಗಿಲ ಪಕ್ಕದ ಕಂಬವೇ ಆ ಆಸರೆ. ಮಾಡು ಮಡಚುವ ಹಳೆಯ ಕಾರುಗಳಲ್ಲಿ ಭುಜದೆತ್ತರಕ್ಕೆ ಕಂಬವೇ ಇಲ್ಲ. ಅಂಥ ಕಾರಿಗೆ ಭುಜದ ಪಟ್ಟಿ ಕೂಡಿಸುವವರು ಅದನ್ನು ಆಸನದ ಹಿಂದೆ ನೆಲಕ್ಕೆ ಬಿಗಿದರೆ, ಡಿಕ್ಕಿಯಲ್ಲಿ ಅದು ಭುಜವನ್ನು ಕೆಳಕ್ಕೆ ಜಗ್ಗಿ ಬೆನ್ನೆಲುಬನ್ನು ಅದುಮೀತು. ಆದ್ದರಿಂದ ಭುಜದ ಮಟ್ಟದಲ್ಲೇ ಬಲವಾದ ಕಬ್ಬಿಣದ ಆಸರೆ ಕಟ್ಟಬೇಕು. ಬರೀ ಪಟ್ಟಿಯಲ್ಲ, ಅದನ್ನು ಬಿಗಿಯುವ ಜಾಗವೂ ಜೀವ ಉಳಿಸುತ್ತದೆ.

2002ರ ಸೆಪ್ಟೆಂಬರಿನಲ್ಲಿ ಬೋಲಿನ್ ತೀರಿಕೊಂಡರು. ಪೇಟೆಯ ತನಕ ತಾನೆ ಎಂದು ಪಟ್ಟಿಯನ್ನು ಮುಟ್ಟದೆ ಹೊರಡುವ ನಾವು ಈ ಹಿರಿಯರನ್ನು ಒಮ್ಮೆ ನೆನೆಯೋಣ. ನಮ್ಮ ಮಕ್ಕಳಿಗೂ ಹೇಳೋಣ.