ಶಂಕರಣ್ಣನ ಸ್ಟುಡಿಯೋ, ನಮ್ಮ ಕೀಬೋರ್ಡು

ಕುಮಾರಪಟ್ಟಣದಿಂದ ಬೆಂಗಳೂರು ಕಡೆ ಬಸ್ಸಲ್ಲಿ ಹೊರಟರೆ ಹರಿಹರ, ದಾವಣಗೆರೆ ಆದ್ಮೇಲೆ ಆನಗೋಡು ಬರುತ್ತೆ. ಅಲ್ಲಿ ಯಾರಾದರೊಬ್ಬರು ಕಿಟಕಿ ಕಡೆ ತಿರುಗಿ ಶಂಕರ್‌ನಾಗ್ ಹೆಸರು ಹೇಳೇ ಹೇಳ್ತಾರೆ. ನಾವು ಹುಟ್ಟೋಕೆ ಎಷ್ಟೋ ವರ್ಷ ಮುಂಚೆ ಹೋದವರು. ನಮಗೆ ಅವರು ಆಟೋ ಹಿಂದಿನ ಫೋಟೋ ಅಷ್ಟೇ ಆಗಿದ್ದರು. ಈ ಸಲ ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಕೀಬೋರ್ಡ್ ಹುಡುಕುವಾಗ ಅವರ ಇನ್ನೊಂದು ಕೆಲಸ ಕಣ್ಣಿಗೆ ಬಿತ್ತು.

1954ರ ನವೆಂಬರ್ 9ರಂದು ಹೊನ್ನಾವರದಲ್ಲಿ ಹುಟ್ಟಿದ ಶಂಕರಣ್ಣ ಮುಂಬೈಗೆ ಹೋಗಿ ಬ್ಯಾಂಕ್ ಕೆಲಸದ ಜೊತೆ ಮರಾಠಿ ನಾಟಕ ಮಾಡ್ತಿದ್ದರು. 1978ರಲ್ಲಿ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ', 1980ರಲ್ಲಿ ತಾವೇ ನಿರ್ದೇಶಿಸಿದ 'ಮಿಂಚಿನ ಓಟ', ಮರುವರ್ಷ ಇಳಯರಾಜ ಸಂಗೀತದ 'ಗೀತಾ', ಆಮೇಲೆ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್'. ಇದೆಲ್ಲಾ ನಿಮಗೂ ಗೊತ್ತು, ಎಳೆಯಲ್ಲ.

ಆಗ ಕನ್ನಡ ಸಿನಿಮಾ ಹಾಡುಗಳ ರೆಕಾರ್ಡಿಂಗ್ ಬಹುಪಾಲು ಮದ್ರಾಸಿನಲ್ಲೇ. ಹಾಡು ನಮ್ಮದು, ಮೆಷಿನ್ ಅವರದು. ಎಂಬತ್ತರ ದಶಕದಲ್ಲಿ ಶಂಕರಣ್ಣ ಬೆಂಗಳೂರಿನಲ್ಲೇ ಸಂಕೇತ್ ಎಲೆಕ್ಟ್ರಾನಿಕ್ಸ್ ಅನ್ನೋ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದರು. ಸಿನಿಮಾದಲ್ಲಿ ಬಂದ ದುಡ್ಡಲ್ಲಿ ಆರಾಮಾಗಿ ಇರಬಹುದಿತ್ತು, ಮೆಷಿನ್ ತರೋಕೆ ಹೋದರು. ಎಂಜಿನಿಯರಿಂಗ್ ಓದ್ತಿರೋ ನಮಗೆ ಇದೇ ಅವರ ದೊಡ್ಡ ಕೆಲಸ ಅನ್ಸುತ್ತೆ.

ಅದೇ ವರ್ಷಗಳಲ್ಲಿ ಜಪಾನಿನವರು ಸ್ಟುಡಿಯೋವನ್ನೇ ಕೀಬೋರ್ಡಿನೊಳಗೆ ತುರುಕ್ತಿದ್ದರು. 1988ರ ಕೋರ್ಗ್ ಎಂ1ರಲ್ಲಿ ಪಿಯಾನೋ, ಕೊಳಲು, ಡ್ರಮ್ಸ್ ಸ್ಯಾಂಪಲ್‌ಗಳು, 8 ಟ್ರ್ಯಾಕಿನ ಸೀಕ್ವೆನ್ಸರ್, ಎಫೆಕ್ಟ್ಸ್ ಎಲ್ಲಾ ಇತ್ತು. ಸೀಕ್ವೆನ್ಸರ್ ಸದ್ದನ್ನು ಇಟ್ಟುಕೊಳ್ಳಲ್ಲ. ಯಾವ ಕೀ, ಯಾವಾಗ, ಎಷ್ಟು ಜೋರಾಗಿ ಒತ್ತಿದೆವು ಅನ್ನೋ ಲೆಕ್ಕ ಮಾತ್ರ. ಅದಕ್ಕೇ ಹಾಡಿನ ವೇಗ ಬದಲಿಸಿದರೂ ಶ್ರುತಿ ಕೆಡಲ್ಲ, ತಪ್ಪಾದ ಒಂದು ಸ್ವರವನ್ನಷ್ಟೇ ತಿದ್ದಬಹುದು. ಟೇಪಿನಲ್ಲಿ ಈ ಸುಖ ಇಲ್ಲ. ಆದರೆ ಎಂ1ರಲ್ಲಿ ನಮ್ಮದೇ ಸದ್ದು ರೆಕಾರ್ಡ್ ಮಾಡೋ ಹಾಗಿರಲಿಲ್ಲ. ಕಂಪನಿ ಕೊಟ್ಟಿದ್ದೇ ಸದ್ದು.

1989ರ ರೋಲ್ಯಾಂಡ್ ಡಬ್ಲ್ಯೂ-30ಯಲ್ಲಿ 16 ಟ್ರ್ಯಾಕಿನ ಸೀಕ್ವೆನ್ಸರ್ ಜೊತೆ ಮೈಕ್ ಹಾಕಿ ನಾವೇ ಸ್ಯಾಂಪಲ್ ಮಾಡೋ ಸೌಲಭ್ಯ ಬಂತು. ಮೆಮೊರಿಯಲ್ಲಿ ಅರ್ಧ ನಿಮಿಷದ ಸದ್ದೂ ಹಿಡಿಸ್ತಿರಲಿಲ್ಲ, ಉಳಿಸೋಕೆ ಫ್ಲಾಪಿ ಬೇಕು. ಸ್ಯಾಂಪಲ್ಲನ್ನು ಒಂದು ಸ್ಥಾಯಿ ಮೇಲೆ ನುಡಿಸಿದರೆ ಅದು ಎರಡು ಪಟ್ಟು ವೇಗದಲ್ಲಿ ಓಡಿ ಅರ್ಧ ಸಮಯಕ್ಕೇ ಮುಗಿಯುತ್ತೆ, ಡೊಳ್ಳು ಡಬ್ಬಿ ಆಗುತ್ತೆ. ಆದರೂ ಅದು ನಮ್ಮ ಡೊಳ್ಳು.

ಕ್ಲಬ್ಬಿನಲ್ಲಿ ಎರಡು ದಿನ ಜಗಳ ಆಯ್ತು. ಒಂದು ಕೀಬೋರ್ಡಿನಲ್ಲಿ ಟ್ರ್ಯಾಕ್ ಜಾಸ್ತಿ, ಟೋನ್ ಸಾವಿರಗಟ್ಟಲೆ. ಇನ್ನೊಂದರಲ್ಲಿ ಟೋನ್ ಕಡಿಮೆ, ಸ್ಯಾಂಪ್ಲಿಂಗ್ ಇದೆ. ಕೊನೆಗೆ ಎರಡನೇದನ್ನೇ ಬಾಡಿಗೆಗೆ ತಂದ್ವಿ. ಡೊಳ್ಳು ತುಂಬಿಸಿದ್ವಿ, ತುಂಗಭದ್ರಾ ಸೇತುವೆ ಮೇಲೆ ಹೋಗೋ ರೈಲಿನ ಸದ್ದನ್ನೂ ಮೊಬೈಲಲ್ಲಿ ಹಿಡಿದು ತಂದು ಹಾಕಿದ್ವಿ. 'ಗೀತಾ' ಹಾಡಿನ ಮುಂಚೆ ಅದು ಬರುತ್ತೆ.

1990ರ ಸೆಪ್ಟೆಂಬರ್ 30ರಂದು ಶಂಕರಣ್ಣ 'ಜೋಕುಮಾರಸ್ವಾಮಿ' ಶೂಟಿಂಗಿಗೆ ಲೋಕಾಪುರಕ್ಕೆ ಹೊರಟಿದ್ದರು. ಆನಗೋಡಿನಲ್ಲಿ ಕಾರು ಅಪಘಾತ ಆಯ್ತು. ಅದೊಂದು ದಾಟಿದ್ದರೆ ಸ್ವಲ್ಪ ಹೊತ್ತಲ್ಲೇ ಹೊಳೆ ದಾಟಿ ನಮ್ಮೂರ ಹತ್ತಿರವೇ ಹೋಗ್ತಿದ್ದರು. ಆಗ ಅವರಿಗೆ 35. ಡಬ್ಲ್ಯೂ-30 ಬಂದು ಒಂದು ವರ್ಷ ಆಗಿತ್ತು.